ಕಂಬಳಿ ಹೊದಿಸಿದ ಡೋಲು

ಸೇಡಂನವರಿಗೆ ಬ್ಯಾಂಡ್ ಕಲಿಸಿದವನು ಗುಲಾಮ ದಸ್ತಗೀರ. ನಿಜಾಮರ ಪಲ್ಟನ್ನಿನಲ್ಲಿ ಡೋಲು ಬಾರಿಸಿ, ಪಿಂಚಣಿ ಹಿಡಿದು ಊರಿಗೆ ಬಂದ ಮನುಷ್ಯ. ಸುಮ್ಮನೆ ಕೂಡಲಾರದೆ ಓಣಿಯ ಹುಡುಗರನ್ನೆಲ್ಲ ಬಯಲಿಗೆ ಕರೆದು, ಡೋಲಿನ ಮೊದಲ ಪೆಟ್ಟಿಗೆ ಎಡಗಾಲು ಎತ್ತುವುದನ್ನು ಕಲಿಸಿದ. ಬಲಗಾಲು ಎತ್ತಿದವನಿಗೆ, "ನಿಮ್ಮಪ್ಪನ ಮದುವ್ಯಾಗೂ ಹಿಂಗೇ ನಡದಿದ್ದೇನೋ?" ಅನ್ನುತ್ತಿದ್ದ.

ಪಲ್ಟನ್ನಿನಿಂದ ಅವನು ಎರಡು ಚಾಲು, ಅಂದರೆ ನಡಿಗೆಯ ಬಡಿತ, ತಂದಿದ್ದ. ಒಂದು ಬಿರುಸಿನದು, ಅದು ಮದುವೆಗೆ ಹೋಯಿತು. ಇನ್ನೊಂದು ಸಿಪಾಯಿ ಸತ್ತಾಗ ಡೋಲಿಗೆ ಬಟ್ಟೆ ಮುಚ್ಚಿ ಬಾರಿಸುವ ನಿಧಾನದ ಚಾಲು. ಇಲ್ಲಿ ಬಟ್ಟೆಯ ಬದಲು ಕಂಬಳಿ ಬಂತು, ಅದು ಹೆಣದ ಮುಂದೆ ನಡೆಯಿತು. ಸುತ್ತಲ ಊರುಗಳಿಗೆಲ್ಲ ಅದೇ ರೂಢಿಯಾಯಿತು. ಬಿರುಸಿನದು ಕೇಳಿದರೆ ಮುದುಕಿಯರೂ ಓಣಿಗೆ ಬರುವರು. ನಿಧಾನದ್ದು ಕೇಳಿದರೆ ಮಕ್ಕಳನ್ನು ಒಳಗೆಳೆದು ಕದ ಹಾಕಿಕೊಳ್ಳುವರು.

ದಸ್ತಗೀರ ತೀರಿಕೊಂಡ ಮೇಲೆ ಡೋಲು ಗುರುಲಿಂಗಪ್ಪನ ಹೆಗಲಿಗೆ ಬಂತು. ಭಾಳ ಅಭಿಮಾನದ ಮನುಷ್ಯ. ಆ ಅಭಿಮಾನವೇ ನಲವತ್ತೆಂಟರ ಮಳೆಗಾಲದಲ್ಲಿ ಅವನ ಕೊರಳಿಗೆ ಬಂತು.

ಚಹಾದ ಅಂಗಡಿಯಲ್ಲಿ ಖಾಕಿ ತೊಟ್ಟ ಸಾಲಾರನೊಬ್ಬ, ರಜಾಕಾರರ ತುಕಡಿಯ ಮುಖಂಡ, ನಗುನಗುತ್ತ ಕೇಳಿದ್ದ. "ನಿಮ್ಮ ಬ್ಯಾಂಡ್ ಕೇಳಿದ್ರ ಊರಿಗೆ ಊರೇ ಹೊರಗ ಬರ್ತದಂತ, ಖರೇ ಏನು?"

"ಬರದವರು ಇನ್ನಾ ಹುಟ್ಟಿಲ್ರಿ," ಅಂದಿದ್ದ ಗುರುಲಿಂಗಪ್ಪ.

"ಶಾಬಾಸ್. ಹಂಗಾದ್ರ ನಾಳೆ ಆಡಕಿಗೆ ಬರ್ರಿ. ಅಲ್ಲಿ ಚನ್ನವೀರ ಅಂತ ಒಬ್ಬ ಸರಕಾರದ ವಿರುದ್ಧ ಕುಣ್ಯಾಕತ್ಯಾನ. ನಾವು ಹ್ವಾದ್ರ ಕದ ಹಾಕ್ಕೋತಾರ. ನೀವು ಹ್ವಾದ್ರ ಎಲ್ಲಾರೂ ಹೊರಗ. ಅವನ ಮನ್ಯಾವರು ಯಾರು ಅಂತ ಆಗ ನೋಡೋಣ."

ಗುರುಲಿಂಗಪ್ಪ ಚಹಾದ ಬಸಿ ಕೆಳಗಿಟ್ಟ. ಚನ್ನವೀರ ಅವನ ಅಳಿಯ. ಗಡಿ ದಾಟಿ ಸೋಲಾಪುರದ ಕಡೆ ಹೋಗಿ ಎರಡು ತಿಂಗಳಾಗಿತ್ತು. ಆಡಕಿಯ ಮನೆಯಲ್ಲಿ ಮಗಳು ಶರಣಬಸಮ್ಮ, ಅವಳ ಎಳೆಗೂಸು, ಇಬ್ಬರೇ. ಸಾಲಾರನಿಗೆ ಈ ಬೀಗತನ ತಿಳಿದಿರಲಿಲ್ಲ.

ಮರುದಿನ ಲಾರಿಯಲ್ಲಿ ಬಂದೂಕಿನವರ ಕಾಲಸಂದಿಯಲ್ಲಿ ಬ್ಯಾಂಡಿನವರು ಮುದುರಿ ಕೂತರು. ಬಿಗುಲು ಊದುವ ಬಾಬುಮಿಯಾನೂ ಅವರಲ್ಲಿದ್ದ. ಶರಣಬಸಮ್ಮನ ಮದುವೆಯಲ್ಲಿ ಊದಿದವನೂ ಅವನೇ. ಆಡಕಿಯ ಊರಬಾಗಿಲ ಅಗಸಿಯ ಮುಂದೆ ಇಳಿದಾಗ ಗುರುಲಿಂಗಪ್ಪ ತನ್ನ ಕಂಬಳಿ ತೆಗೆದು ಡೋಲಿಗೆ ಹೊದಿಸಿದ.

"ಏನದು?" ಅಂದ ಸಾಲಾರ.

"ಹನಿ ಬೀಳಾಕತ್ಯಾವ್ರಿ. ತೊಗಲು ಸಡಲತದ."

ಹೈದರಾಬಾದ ಕಡೆಯಿಂದ ಬಂದ ಸಾಲಾರನಿಗೆ ಕಂಬಳಿಯ ರೂಢಿ ಗೊತ್ತಿರಲಿಲ್ಲ, ಹೂಂ ಅಂದ. ಮೊದಲ ಪೆಟ್ಟು ಬಿತ್ತು, ದಪ್ಪಗೆ, ನೆಲದೊಳಗಿಂದ ಬಂದ ಹಾಗೆ. ಬಾಬುಮಿಯಾ ಒಮ್ಮೆ ತಿರುಗಿ ನೋಡಿದ. ಗುರುಲಿಂಗಪ್ಪ ಕಣ್ಣು ಕೆಳಗಿಳಿಸಿದ. ಬಿಗುಲು ಮೆಲ್ಲಗೆ ಹೆಣದ ಚಾಲಿಗೆ ಇಳಿಯಿತು. ಎಲ್ಲರ ಎಡಗಾಲುಗಳು ಒಟ್ಟಿಗೆ ಎದ್ದವು.

ಓಣಿಯಲ್ಲಿ ಕದಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಕಟ್ಟೆಯ ಮೇಲಿನ ಮುದುಕ ಕೋಲು ಬಿಟ್ಟು ಒಳಗೆ ಹೋದ. ಅಗಳಿ ಬಿದ್ದ ಸದ್ದು ಡೋಲಿನ ನಡುವೆ ಕೇಳುತ್ತಿತ್ತು. ಗುರುಲಿಂಗಪ್ಪನಿಗೆ ಉಸಿರು ಬಂದಂತಾಯಿತು. ಇನ್ನು ನಾಲ್ಕು ಮನೆ ದಾಟಿದರೆ ಮಗಳ ಮನೆಯೂ ಹಿಂದೆ ಬೀಳುತ್ತದೆ.

ಆ ಮನೆಯ ಕದ ಧಡಲ್ಲನೆ ತೆರೆಯಿತು.

ಹೆಣದ ಚಾಲಿಗೆ ಹೊರಗೆ ಬರುವವರು ಸತ್ತವರ ಮನೆಯವರು. ಎರಡು ತಿಂಗಳಿಂದ ಗಂಡನ ಸುದ್ದಿಯಿಲ್ಲದವಳು, ಅಪ್ಪನದೇ ಡೋಲು ಹೆಣದ ಮುಂದೆ ಬರುತ್ತಿರುವುದನ್ನು ಕೇಳಿ ಏನು ತಿಳಿಯಬೇಕು? ಕೂಸನ್ನು ಎದೆಗವಚಿಕೊಂಡು, ಸೆರಗು ಕೆಸರಲ್ಲಿ ಎಳೆಯುತ್ತ ಶರಣಬಸಮ್ಮ ಓಡಿ ಬಂದಳು.

"ಅಪ್ಪಾ! ಅವರನ್ನ ತಂದಿಯೇನಪ್ಪಾ? ಎಲ್ಲಿ ಸಿಕ್ಕರು? ಮಾರಿ ತೋರಸು ಅಪ್ಪಾ!"

ಡೋಲು ನಿಂತಿತು. ಹಿಂದೆ ಹೆಣವಿರಲಿಲ್ಲ, ಬಂದೂಕುಗಳಿದ್ದವು. ಅವನ್ನು ಕಂಡು ಅವಳ ಬಾಯಿ ತಾನಾಗಿಯೇ ಮುಚ್ಚಿತು. ತಡವಾಗಿತ್ತು.

ಸಾಲಾರ ಒಮ್ಮೆ ಅವಳನ್ನು, ಒಮ್ಮೆ ಗುರುಲಿಂಗಪ್ಪನನ್ನು, ಒಮ್ಮೆ ಮುಚ್ಚಿದ ಕದಗಳನ್ನು ನೋಡಿದ. ಸಿಟ್ಟಿಗೇಳಲಿಲ್ಲ. ಕಂಬಳಿಯನ್ನು ತಾನೇ ತೆಗೆದು, ಮಡಿಚಿ, ಅವಳ ಮನೆಯ ಕಟ್ಟೆಯ ಮೇಲೆ ಹಾಸಿ ಕೂತ.

"ಅಳಿಯ ಮನ್ಯಾಗಿಲ್ಲಂತಾಯ್ತು. ಸಮೀಪ ಎಲ್ಲೋ ಇರಬೇಕು. ಮದುವೀದು ಬಾರಿಸು ಮಾವಾ. ಕೇಳಿ ಬರಲಿ."

ಗುರುಲಿಂಗಪ್ಪ ಕೋಲಿನ ತುದಿಯನ್ನು ತೊಗಲಿಗೆ ಒತ್ತಿ ಹಿಡಿದ. ಮೈಭಾರವೆಲ್ಲ ಹಾಕಿದ. ಡೋಲು ಹರಿಯಿತು.

"ಹರೀತ್ರಿ," ಅಂದ.

"ಹರೀಲಿ." ಸಾಲಾರ ಬಾಬುಮಿಯಾನ ಕಡೆ ತಿರುಗಿದ. "ನೀ ಊದು."

ಬಾಬುಮಿಯಾ ಬಿಗುಲನ್ನು ತುಟಿಗಿಟ್ಟ. ಕೆನ್ನೆ ಉಬ್ಬಲಿಲ್ಲ. "ಬಾಯಿ ಒಣಗ್ಯಾದ ಸಾಹೇಬ್."

"ಇವನಿಗೆ ನೀರು ಕೊಡವ್ವಾ," ಅಂದ ಸಾಲಾರ ಶರಣಬಸಮ್ಮನಿಗೆ, ಮನೆಯ ಹಿರಿಯನ ಹಾಗೆ. "ಕೂಸಿನ್ನ ಇಲ್ಲಿ ಕೊಟ್ಟು ಹೋಗು."

ಅವಳು ಅಪ್ಪನ ಮುಖ ನೋಡಿದಳು. ಸಾಲಾರ ಕೈ ಚಾಚಿಕೊಂಡೇ ಕೂತಿದ್ದ.