ಬೀಸೋಕಲ್ಲಿನ ಪದ, ಇಪ್ಪತ್ತಾರು ಮೈಲಿ ಓಟ

ಓಡುವುದೆಂದರೆ ಬಸ್ಸಿನ ಜೊತೆ ಜಿದ್ದು ಕಟ್ಟುವುದು ಎಂದೇ ನಮ್ಮ ಕಡೆಯ ಹುಡುಗರು ತಿಳಿದಿದ್ದರು. ಹಿಂದೂಪುರದಿಂದ ಲೇಪಾಕ್ಷಿಗೆ ಹೋಗುವ ಬಸ್ಸು ಊರ ಮುಂದಿನ ಹುಣಸೆಮರದ ಹತ್ತಿರ ನಿಧಾನವಾದರೆ ಸಾಕು, ಅದರ ಪಕ್ಕದಲ್ಲೇ ಓಟ ಶುರು. ಈ ಆಟದಲ್ಲಿ ವರಲಕ್ಷ್ಮಮ್ಮನ ಮಗ ಜಯಣ್ಣ ಎಲ್ಲರಿಗಿಂತ ಮುಂದು.

ಅದೇ ಧೈರ್ಯದಲ್ಲಿ ಅವನು ಹೋದ ಸಂಕ್ರಾಂತಿಯ ದೊಡ್ಡ ಓಟಕ್ಕೂ ನಿಂತ. ಹಿಂದೂಪುರದಿಂದ ಲೇಪಾಕ್ಷಿಗೆ, ಅಲ್ಲಿಂದ ಮತ್ತೆ ಹಿಂದೂಪುರಕ್ಕೆ, ತಿರುಗಿ ಲೇಪಾಕ್ಷಿಗೆ. ಇಪ್ಪತ್ತಾರು ಮೈಲಿ. ಇದಕ್ಕೆ ಮ್ಯಾರಥಾನ್ ಅನ್ನುತ್ತಾರೆ. ಜಯಣ್ಣ ಹೊಟ್ಟೆ ತುಂಬ ಮುದ್ದೆ ಉಂಡು, ಬಸ್ಸನ್ನು ಅಟ್ಟಿದಂತೆ ಹೊರಟ. ಪಕ್ಕೆ ಹಿಡಿಯುತ್ತದೆಂದು ದಾರಿಯಲ್ಲಿ ನೀರು ಮುಟ್ಟಲಿಲ್ಲ. ಅರ್ಧಕ್ಕೇ ಕಣ್ಣು ಕತ್ತಲೆ ಬಂದು ಬಿದ್ದ. ಎತ್ತಿನ ಗಾಡಿಯಲ್ಲಿ ಮಲಗಿಸಿ ಮನೆಗೆ ತಂದರು.

ಅವನು ಎದ್ದು ಕೂತ ದಿನವೇ ವರಲಕ್ಷ್ಮಮ್ಮ ಅವನ ಕೈಯನ್ನು ಬೀಸೋಕಲ್ಲಿನ ಮೇಲೆ ಇಡಿಸಿದಳು.

"ಇನ್ನು ಓಡಲ್ಲ ಅನ್ನು."

"ಓಡಲ್ಲ ಕಣಮ್ಮ."

ಹಿಟ್ಟು ಕೊಡುವ ಕಲ್ಲನ್ನು ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಮಗ ಉಳಿದ ಎಂದು ಆಕೆ ಉಸಿರು ಬಿಟ್ಟಳು. ಆದರೆ ಊರವರು 'ಗಾಡಿ ಜಯಣ್ಣ' ಎಂದು ಕರೆದರೆ ಅವನು ತಲೆ ಎತ್ತುತ್ತಿರಲಿಲ್ಲ. ಬಸ್ಸಿನ ಸದ್ದು ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಬೀಸಲು ಕೂತಾಗಲೆಲ್ಲ ಆಕೆಗೆ ಒಂದೇ ಯೋಚನೆ: ನಾನು ಉಳಿಸಿಕೊಂಡಿದ್ದು ಮಗನನ್ನೋ, ಬರೀ ಅವನ ಮೈಯನ್ನೋ?

ದಸರೆಗೆ ಕಲ್ಯಾಣದುರ್ಗದಿಂದ ಆಕೆಯ ತಮ್ಮ ಓಬಳೇಶಪ್ಪ ಬಂದ. ಅಲ್ಲಿ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಹಿಂದೆ ಮಿಲಿಟರಿಯಲ್ಲಿದ್ದಾಗ ದೂರದ ಓಟ ಓಡಿದವನು.

"ಅಕ್ಕಾ, ಜಯಣ್ಣನ್ನ ಈ ಸಲ ಬಿಡು. ನಾನು ತಯಾರು ಮಾಡ್ತೀನಿ."

"ಗಾಡೀನೂ ನೀನೇ ತತ್ತೀಯೇನಪ್ಪ?"

ಮಜ್ಜಿಗೆಗೆಂದು ಬಂದಿದ್ದ ಪಕ್ಕದ ಮನೆಯ ಮುನಿಯಕ್ಕ ಬಾಗಿಲಲ್ಲೇ ಕೂತಳು. "ಪರಿಗೆತ್ತಿ ಪಾಲು ತಾಗೇಕಂಟೆ ನಿಲಬಡಿ ನೀಳ್ಳು ತಾಗಡಂ ಮೇಲು ಅಂತಾರೆ. ಓಡಿ ಹಾಲು ಕುಡಿಯೋದ್ಕಿಂತ ನಿಂತು ನೀರು ಕುಡಿಯೋದೇ ವಾಸಿ ಕಣಪ್ಪ."

"ಇವ್ನು ನಿಂತು ನೀರು ಕುಡೀಲೇ ಇಲ್ವಲ್ಲ ಮುನಿಯಕ್ಕ, ಅದೇ ತಪ್ಪಾಗಿದ್ದು," ಎಂದ ಓಬಳೇಶಪ್ಪ. "ಅಕ್ಕಾ, ನಿನ್ನ ಮಗನ್ನ ಬೀಳ್ಸಿದ್ದು ಓಟ ಅಲ್ಲ. ಅವಸರ."

ವರಲಕ್ಷ್ಮಮ್ಮ ಬೀಸೋಕಲ್ಲಿನ ಕಡೆ ನೋಡಿದಳು. ಕಲ್ಲಿನ ಆಣೆ ಇಳಿಸುವುದಕ್ಕೂ ಒಂದು ಕ್ರಮವಿದೆ. ಆಣೆ ಹಾಕಿಸಿದವರೂ ಹಾಕಿದವರೂ ಎದುರುಬದುರು ಕೂತು ಅದೇ ಕಲ್ಲಿನಲ್ಲಿ ರಾಗಿ ಬೀಸಬೇಕು, ನಡುವೆ ಕೈ ಬಿಡಬಾರದು.

"ಮೊರ ಖಾಲಿಯಾಗೋವರೆಗೂ ಬೀಸ್ಲಿ. ಕೈ ಬಿಟ್ರೆ ಈ ಮಾತು ಇಲ್ಲಿಗೇ ಮುಗೀತು," ಎಂದಳು. ಗಂಡುಹುಡುಗ, ಬಿಟ್ಟೇ ಬಿಡುತ್ತಾನೆ ಎಂದುಕೊಂಡಿದ್ದಳು.

ಮರುದಿನ ಬೆಳಗ್ಗೆ ಜಯಣ್ಣ ತಾಯಿಯ ಎದುರು ಕೂತು, ಕಲ್ಲಿನ ಗೂಟ ಹಿಡಿದು ಗರಗರನೆ ತಿರುಗಿಸಿದ. ಅರೆಬರೆ ನುಚ್ಚು ಸುತ್ತಲೂ ಚೆಲ್ಲಿತು. ಸ್ವಲ್ಪದರಲ್ಲೇ ಏದುಸಿರು ಬಂತು, ಬೆರಳು ಸಡಿಲವಾಯಿತು. ಆಣೆ ಹಾಗೇ ಉಳಿಯಬೇಕೆಂದಿದ್ದರೆ ಆಕೆ ಸುಮ್ಮನಿದ್ದರೆ ಸಾಕಿತ್ತು. ಮಗನ ಮುಖ ನೋಡಿದಳು. ತಡೆಯಲಾಗಲಿಲ್ಲ.

"ಮೆಲ್ಲಗೆ ಕಣ್ಲಾ. ಕಲ್ಲೇನು ಬಸ್ಸಾ? ನನ್ನ ಜೊತೆ ಪದ ಹೇಳು."

ಬೆಳಗಿನ ಬೆಳ್ಳಿಯೆ, ಅವಸರ ಯಾಕಮ್ಮ
ಒಳಗಿನ್ನು ರಾಗಿ ಮೊರದಾಗೆ, ನನ ಕೂಸು
ತೊಳೆದಿಲ್ಲ ಇನ್ನು ಎಳೆಗಣ್ಣು

ಅವನು ತೊದಲುತ್ತ ಹೇಳಿದ. ಪದದ ಜೊತೆ ಕೈ ಹದಕ್ಕೆ ಬಂತು, ಕೈಯ ಜೊತೆ ಉಸಿರೂ ಬಂತು. ಮೊರ ಖಾಲಿಯಾದಾಗ ಇಬ್ಬರ ಕೈಯೂ ಗೂಟದ ಮೇಲೇ ಇತ್ತು.

ಓಬಳೇಶಪ್ಪ ನಕ್ಕ. "ದೂರದ ಓಟ ಅಂದ್ರೆ ಇದೇ ಅಕ್ಕಾ. ಓಡ್ತಾ ಈ ಪದ ಹೇಳ್ಕಳೋಕಾದ್ರೆ ನಡೆ ಸರಿಯಾಗೈತೆ. ಪದ ತುಂಡಾದ್ರೆ ವೇಗ ಜಾಸ್ತಿ ಆಯ್ತು ಅಂತ."

ಅಂದಿನಿಂದ ಅಭ್ಯಾಸ ಶುರುವಾಯಿತು. ಮೊದಲು ಊರಾಚೆಯ ಹುಣಸೆತೋಪಿನವರೆಗೆ, ಕೆಲವು ವಾರ ಕಳೆದು ಲೇಪಾಕ್ಷಿಯವರೆಗೆ, ಆಮೇಲೆ ಹಿಂದೂಪುರಕ್ಕೆ. ವಾರಕ್ಕೊಂದು ದಿನ ಓಟವೇ ಇಲ್ಲ. ಓಬಳೇಶಪ್ಪ ರಜೆಗೆ ಬಂದಾಗಲೆಲ್ಲ ಗಡಿಯಾರ ಹಿಡಿದು ಸೈಕಲ್ಲಿನಲ್ಲಿ ಹಿಂದೆ ಹೋದ. ಹತ್ತು ನಿಮಿಷಕ್ಕೆ ಒಂದು ಮೈಲಿಗಲ್ಲು, ಮೊದಲ ಕಲ್ಲಿಗೂ ಅಷ್ಟೇ, ಕೊನೆಯ ಕಲ್ಲಿಗೂ ಅಷ್ಟೇ ಎಂದು ಗುರಿ ಹಾಕಿಕೊಟ್ಟ. ಕೊನೆಯ ವಾರ ಓಟ ತಗ್ಗಿಸಿದ.

ಸಂಕ್ರಾಂತಿ ಬಂತು. ಓಟಕ್ಕೆ ಮುಂಚೆ ಜಯಣ್ಣ ಹೊತ್ತಿಗೆ ಸರಿಯಾಗಿ ಒಂದಿಷ್ಟು ರಾಗಿ ಅಂಬಲಿ ಮಾತ್ರ ಕುಡಿದಿದ್ದ. ವರಲಕ್ಷ್ಮಮ್ಮ ನೀರಿನ ಚೊಂಬು ಹಿಡಿದು ಹುಣಸೆಮರದಡಿ ನಿಂತಳು. ಓಟಗಾರರು ಆ ಮರವನ್ನು ಮೂರು ಸಲ ದಾಟಬೇಕು.

ಮೊದಲ ಸಲ ಜಯಣ್ಣ ಎಲ್ಲರಿಗಿಂತ ಹಿಂದಿದ್ದ. "ಗಾಡಿ ಕಟ್ರಪ್ಪೋ," ಎಂದು ಯಾರೋ ಕೂಗಿದರು. ಅವನು ತಿರುಗಿ ನೋಡಲಿಲ್ಲ. ಎರಡನೆಯ ಸಲ ನಡುವೆ ಬಂದಿದ್ದ. ಮುಂದೆ ಓಡಿದ್ದ ಕೆಲವರು ಆಗಲೇ ರಸ್ತೆಬದಿ ಕೂತಿದ್ದರು.

ಮೂರನೆಯ ಸಲ ಕಾಯುವಾಗ ಬಿಸಿಲೇರಿತ್ತು. ಹೋದ ವರ್ಷ ಗಾಡಿ ಬಂದ ಹೊತ್ತೂ ಅದೇ. ಆಕೆ ಚೊಂಬು ಹಿಡಿದು ರಸ್ತೆಯಂಚಿಗೆ ಬಂದಳು. ತಿರುವಿನಲ್ಲಿ ಒಬ್ಬ ಕಾಣಿಸಿದ. ಓಟದಲ್ಲಿ ಅವಸರವಿಲ್ಲ, ಬಳಲಿಕೆಯೂ ಇಲ್ಲ. ಹತ್ತಿರ ಬಂದಾಗ ತುಟಿ ಅಲುಗುವುದು ಕಂಡಿತು. ಬೆಳಗಿನ ಬೆಳ್ಳಿಯೆ.

ಆಕೆ ಕಿವಿಗೊಟ್ಟಳು. ತನ್ನ ತಾಯಿ, ತಾಯಿಯ ತಾಯಿ ಕತ್ತಲಲ್ಲಿ ಕೂತು, ಯಾರೂ ಕೇಳದೆ ಹೇಳಿಕೊಂಡ ಪದ. ಅದು ಹೊಸ್ತಿಲು ದಾಟಿ, ಹಗಲಲ್ಲಿ, ಹೆದ್ದಾರಿಯಲ್ಲಿ ಓಡಿ ಬರುತ್ತಿತ್ತು.

ಜಯಣ್ಣ ಆಕೆಯ ಮುಂದೆ ನಿಂತ. ನಿಂತೇ ನೀರು ಕುಡಿದ.

"ಬತ್ತೀನಿ ಕಣಮ್ಮ."

"ಓಗ್ಬಾ."

ಅವನು ಲೇಪಾಕ್ಷಿ ಮುಟ್ಟಿದ. ಗೆದ್ದವರು ಬೇರೆ, ಇವನು ನಾಲ್ಕನೆಯವನು. ಸಂಜೆ ಬಸ್ಸಿಳಿದು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದ, ತಲೆ ಎತ್ತಿಕೊಂಡು. "ಇನ್ನಷ್ಟು ಮಜ್ಜಿಗೆ ಕೊಡಮ್ಮ ಅವ್ನಿಗೆ," ಎಂದವಳು ಮುನಿಯಕ್ಕ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಓಡುವ ಕಾಲುಗಳಿರಬಹುದು. ಹೆದರಿ ಕಟ್ಟಿಹಾಕಬೇಡಿ, ಅವಸರಕ್ಕೂ ಬಿಡಬೇಡಿ. ದೂರವನ್ನು ವಾರವಾರವೂ ಸ್ವಲ್ಪವೇ ಬೆಳೆಸಲಿ, ನಡುವೆ ಮೈಗೆ ಬಿಡುವು ಕೊಡಲಿ, ದಾರಿಯಲ್ಲಿ ನೀರು ಕುಡಿಯಲಿ. ತಲೆ ಸುತ್ತಿದರೆ ನಿಂತುಬಿಡಲಿ, ಅದು ಸೋಲಲ್ಲ. ಮೊದಲ ಮೈಲಿಯಲ್ಲಿ ಹಾಡಬಲ್ಲವರು ಕೊನೆಯ ಮೈಲಿಯನ್ನೂ ಕಾಣುತ್ತಾರೆ. ಆ ಹಾಡು ನಿಮ್ಮ ಬಾಯಲ್ಲೇ ಇದೆ. ಇವತ್ತೇ ಕಲಿಸಿ.