ಹೊರಗೆ ನಿಂತು ಮುಚ್ಚಿದ ಬಾಗಿಲು

ನಾವು ಅಗೆಯುತ್ತಿದ್ದ ಹಳೆಯ ಊರಿನ ಏಳನೆಯ ಮನೆಯೊಳಗಿನ ಮಣ್ಣನ್ನು ಮೇಲಿನಿಂದ ತೆಗೆಯುವಾಗ, ಮೂಲೆಯಲ್ಲಿ ಬೆರಳುದ್ದದ ಮೂಳೆಯೊಂದು ಸಿಕ್ಕಿತು. ನಾನು ಟಿಪ್ಪಣಿ ಪುಸ್ತಕದಲ್ಲಿ ‘ಮಗು?’ ಎಂದು ಬರೆದು ಅದನ್ನು ಪರೀಕ್ಷೆಗೆ ಕಳಿಸಿದೆ. ಮಾರನೆಯ ದಿನ ಮಣ್ಣು ಕೆರೆಯುವ ಕರಣೆ ಹಿಡಿಯಲು ಕೈ ಬರಲಿಲ್ಲ.

ಎರಡು ಸಾವಿರ ವರ್ಷಗಳ ಹಿಂದೆ ಭೂಮಿ ನಡುಗಿ, ಗುಡ್ಡದ ಒಂದು ಮಗ್ಗುಲು ಈ ಊರಿನ ಮೇಲೆ ಜಾರಿತ್ತು. ನಾವು ಅಗೆದ ಆರು ಮನೆಗಳಲ್ಲಿ ಯಾರೂ ಇರಲಿಲ್ಲ. ಏಳನೆಯದರ ಬಾಗಿಲು ಮಾತ್ರ ಕಲ್ಲುಗಳಿಂದ ಮುಚ್ಚಿತ್ತು. ‘ಜಾರಿಬಂದ ಕಲ್ಲು’ ಎಂದು ಬರೆದವಳು ನಾನೇ. ಒಳಗಿದ್ದವರಿಗೆ ಹೊರಬರಲು ದಾರಿ ಇರಲಿಲ್ಲ ಎಂದು ಅದರ ಅರ್ಥ.

ಹೋದ ವರ್ಷ ನನ್ನ ಗಂಡ ಇಂಥದೇ ಮಣ್ಣಿನಡಿ ಒಂಬತ್ತು ದಿನ ಇದ್ದರು; ಹತ್ತನೆಯ ದಿನ ಸಿಕ್ಕಿದ್ದು ಹೆಣ. ರಸ್ತೆ ಅಳೆಯಲು ಹೋಗಿದ್ದರು. ಆಮೇಲೆ ನನಗೆ ಅಳು ಬಂದಿಲ್ಲ, ಹಸಿವೂ ಬಂದಿಲ್ಲ.

ನಮ್ಮ ಮೇಸ್ತ್ರಿ ಇಲ್ಲಿಗೆ ಬರುವ ಮೊದಲು ಮೂವತ್ತು ವರ್ಷ ಗೋಡೆ ಕಟ್ಟಿದವರು. ಬಾಗಿಲಿನ ಕಲ್ಲು ತೆಗೆಯಲು ಕೂತವರು ಹಾರೆಯನ್ನು ಕೆಳಗಿಟ್ಟರು.

“ಅಮ್ಮಾ, ಇದು ಜಾರಿಬಂದ ಕಲ್ಲು ಅಂತ ಯಾರು ಬರೆದೋರು?”

“ನಾನೇ.”

“ಬಿಡಿ, ಓದಿದೋರು. ಗುಡ್ಡ ಯಾವಾಗ ಗಾರೆ ಕೆಲಸ ಕಲೀತು? ನೋಡಿ, ಎಲ್ಲಾ ಕಲ್ಲಿನ ಮುಖಾನೂ ಹೊರಗಡೆಗಿದೆ.”

“ಅಂದ್ರೆ?”

“ಕಟ್ಟೋನು ಒಳ್ಳೆ ಮುಖಾನ ತನ್ನ ಕಡೆಗೇ ಇಟ್ಕೊಂಡು ಕಟ್ತಾನೆ. ಒಳಗಿಂದ ನೋಡಿ, ಬರೀ ಅಂಕುಡೊಂಕು. ಈ ಪುಣ್ಯಾತ್ಮ ಹೊರಗೆ ನಿಂತು ಬಾಗಿಲು ಮುಚ್ಚಿದಾನೆ. ಮನೆ ಬಿಟ್ಟು ಹೋಗೋನ ಕೆಲಸ ಇದು.”

ನಾನು ಮಂಡಿಯೂರಿ ನೋಡಿದೆ. ಹೊಸಿಲಿನ ಕಲ್ಲು ಸೀಳಿಹೋಗಿತ್ತು. ಸೀಳಿನೊಳಗೆ, ಬಾಗಿಲು ಮುಚ್ಚಲು ಮೆತ್ತಿದ ಕೆಸರೇ ಇಳಿದು ಗಟ್ಟಿಯಾಗಿತ್ತು. ಅಂದರೆ ಮೊದಲ ನಡುಕಕ್ಕೆ ಹೊಸಿಲು ಸೀಳಿಹೋಯಿತು, ಆಮೇಲೆ ಅವರು ಬಾಗಿಲು ಮುಚ್ಚಿ ಹೊರಟರು, ಗುಡ್ಡ ಬಂದದ್ದು ಅದಾದ ಮೇಲೆ.

“ಹಾಗಾದ್ರೆ ಒಳಗಿನ ಮೂಳೆ?” ಎಂದೆ.

“ಅದು ನನ್ನ ಖಾತೆ ಅಲ್ಲಮ್ಮ. ಮೂಳೆ ಮೇಡಂನ ಕೇಳಿ.”

ಮೂಳೆ ಪರೀಕ್ಷಿಸುವವರನ್ನು ನಾವೆಲ್ಲ ಹಾಗೆಯೇ ಕರೆಯುವುದು. ಕೇಳುವ ಧೈರ್ಯ ನನಗೆ ಬರಲಿಲ್ಲ. ಸಂಜೆ ನಾಲ್ಕಕ್ಕೆ ಅವರೇ ಫೋನ್ ಮಾಡಿದರು.

“ರೀ, ನಿಮ್ಮ ಮಗೂಗೆ ಗೊರಸು ಇತ್ತು ಕಣ್ರೀ.”

“ಏನು?”

“ಕುರಿಮರಿ. ಚಾಕುವಿನ ಗೀರೂ ಇದೆ. ಚೆನ್ನಾಗಿ ಉಂಡು ಎದ್ದು ಹೋಗಿದಾರೆ, ನೀವ್ಯಾಕೆ ಉಪವಾಸ?”

“ಖಂಡಿತಾನಾ?”

“ಇಪ್ಪತ್ತು ವರ್ಷದಿಂದ ಇದೇ ಕೆಲಸ. ಇಡ್ತೀನಿ ಫೋನು.”

ಟಿಪ್ಪಣಿ ಪುಸ್ತಕದಲ್ಲಿ ನಾವು ಏನನ್ನೂ ಅಳಿಸುವಂತಿಲ್ಲ. ತಪ್ಪಿದ್ದರೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆಯಬೇಕು. ‘ಮಗು?’ ಎಂಬುದರ ಮೇಲೆ ಗೆರೆ ಎಳೆದು, ‘ಕುರಿಮರಿ’ ಎಂದು ಬರೆದೆ. ‘ಜಾರಿಬಂದ ಕಲ್ಲು’ ಎಂಬುದರ ಮೇಲೂ ಎಳೆದೆ. ಎರಡನೆಯ ಗೆರೆ ಸೊಟ್ಟಗಾಯಿತು. ಪಕ್ಕದಲ್ಲಿ ‘ಹೊರಗಿನಿಂದ ಕಟ್ಟಿದ ಕಲ್ಲು’ ಎಂದು ಬರೆದೆ.

ಮನೆಗೆ ಬಂದಾಗ ಅತ್ತೆ ದಿನವೂ ಕೇಳುವುದನ್ನೇ ಕೇಳಿದರು. “ಯಾರಾದ್ರೂ ಸಿಕ್ಕಿದ್ರೇನಮ್ಮ?”

“ಇಲ್ಲ ಅತ್ತೆ. ಬಾಗಿಲು ಮುಚ್ಕೊಂಡು ಹೋಗಿಬಿಟ್ಟಿದ್ರು.”

“ಎಲ್ಲರೂನಾ?”

“ಎಲ್ಲರೂ.”

ಅವರು ನನ್ನ ತಟ್ಟೆಯ ಅನ್ನಕ್ಕೆ ಒಂದು ಸೌಟು ಸಾರು ಬಡಿಸಿದರು. “ಸದ್ಯ,” ಎಂದರು. “ಯಾರೋ ಬುದ್ಧಿವಂತ್ರು. ನಮ್ಮವನಿಗೆ ಅಷ್ಟು ಹೊತ್ತೇ ಸಿಗಲಿಲ್ಲ.”

“ಹೌದು ಅತ್ತೆ.”

ಈ ಮನೆಯಲ್ಲಿ ನನ್ನ ಗಂಡನ ಮಾತು ಎತ್ತಿದ್ದು ವರ್ಷದಲ್ಲಿ ಇದೇ ಮೊದಲು. ಇಬ್ಬರೂ ಅಳಲಿಲ್ಲ. ತಟ್ಟೆ ಖಾಲಿಯಾಗಿದ್ದನ್ನು ಅತ್ತೆಯೇ ಮೊದಲು ನೋಡಿದರು.

“ಇನ್ನೂ ಸ್ವಲ್ಪ ಹಾಕ್ಲಾ?”

“ಹಾಕಿ,” ಎಂದೆ.