ನೂರ ನಲವತ್ತಮೂರನೆಯ ಅಸ್ಕಗಿಲ್

ನಮ್ಮ ಕಣಿವೆಯಲ್ಲಿ ಮನೆತನದ ಹೆಸರು ಹಿಡಿದು ಯಾರನ್ನೂ ಕರೆಯುವುದಿಲ್ಲ. ಕರೆದರೂ ಪ್ರಯೋಜನವಿಲ್ಲ. ಇರುವವರೆಲ್ಲ ಮೆಟ್ಕಾಫ್, ಇಲ್ಲವೇ ಆಲ್ಡರ್ಸನ್, ಅದೂ ಅಲ್ಲದಿದ್ದರೆ ಪೀಕಾಕ್. ನಾನು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಹೋದ ದಿನಗಳಲ್ಲಿ ಒಂದೇ ಬೆಂಚಿನ ಮೇಲೆ ಮೂವರು ಜಾನ್ ಆಲ್ಡರ್ಸನ್ ಕೂತಿರುತ್ತಿದ್ದರು. ಹಾಗಾಗಿ ಮನುಷ್ಯ ಯಾವ ಜಮೀನಿನಲ್ಲಿ ದುಡಿಯುತ್ತಾನೋ ಆ ಜಮೀನಿನ ಹೆಸರೇ ಅವನ ಹೆಸರು. ಜಮೀನು ಬದಲಾದರೆ ಹೆಸರೂ ಬದಲಾಯಿತು.

ನನ್ನ ಅಪ್ಪ ಟಾಮ್ ಆಲ್ಡರ್ಸನ್. ಗುಡ್ಡದ ಮೇಲಿನ ಅಸ್ಕಗಿಲ್ ಎಂಬ ಜಮೀನಿನಲ್ಲಿ ಸಂಬಳದ ಆಳು. ಊರವರ ಬಾಯಲ್ಲಿ ಅಸ್ಕಗಿಲ್ ಟಾಮ್. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಲು ಹೋದಾಗ ಸಾಲಿನಲ್ಲಿ ಅವನ ಮುಂದೆಯೇ ನಾಲ್ವರು ಟಾಮ್ ಆಲ್ಡರ್ಸನ್‌ಗಳು ನಿಂತಿದ್ದರಂತೆ. ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟು, "ಇನ್ನೊಬ್ನಾ? ಹೆಸರಿಗೂ ಬರ ಬಂದಿದ್ಯೇನಯ್ಯಾ ನಿಮ್ಮೂರಲ್ಲಿ? ಜನ ನಿನ್ನ ಏನಂತ ಕರೀತಾರೋ ಅದನ್ನ ಹೇಳು" ಅಂದನಂತೆ. ಅಪ್ಪ ಹೇಳಿದ. ಆ ಹೆಸರಿನಲ್ಲೇ ಯುದ್ಧಕ್ಕೆ ಹೋದ, ಆ ಹೆಸರಿನಲ್ಲೇ ತಿರುಗಿ ಬಂದ, ಪಾದ್ರಿ ಮದುವೆಯ ಪುಸ್ತಕದಲ್ಲಿಯೂ ಅದನ್ನೇ ಬರೆದ. ನಾನು ಹುಟ್ಟುವ ಹೊತ್ತಿಗೆ ವಿಲ್ಫ್ರೆಡ್ ಅಸ್ಕಗಿಲ್ ಆಗಿಬಿಟ್ಟಿದ್ದೆ. ಇದನ್ನು ಅಪ್ಪ ಒಮ್ಮೆ ಕುರಿಯ ಉಣ್ಣೆ ಕತ್ತರಿಸುತ್ತ, ನಗುತ್ತ ಹೇಳಿದ್ದ. ಗುಟ್ಟೇನೂ ಆಗಿರಲಿಲ್ಲ. ಕೇಳುವವರಿರಲಿಲ್ಲ, ಅಷ್ಟೆ.

ನನ್ನ ಹೆಂಡತಿ ಎನಿಡ್ ತೀರಿಕೊಂಡು ಎಂಟು ವರ್ಷವಾಗಿದ್ದಾಗ ಒಂದು ಕಾಗದ ಬಂತು. ನಮಗೆ ಮಕ್ಕಳಿಲ್ಲ. ಆಗೆಲ್ಲ ನನಗೆ ಬರುತ್ತಿದ್ದ ಕಾಗದಗಳೆಂದರೆ ಕರೆಂಟಿನವರದು, ಆಸ್ಪತ್ರೆಯವರದು. ಇದು ಕೈಯಲ್ಲಿ ಬರೆದದ್ದು. ಬರೆದವಳು ನಾರ್ವಿಚ್ ಪಟ್ಟಣದ ರೊವೆನಾ ಅಸ್ಕಗಿಲ್. ಈ ಹೆಸರಿನವರು ಪ್ರಪಂಚದಲ್ಲಿ ಎಲ್ಲೆಲ್ಲಿದ್ದಾರೆಂದು ಆಕೆ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದಳು. ಎಲ್ಲ ಸೇರಿ ನೂರ ನಲವತ್ತೆರಡು ಮಂದಿ ಸಿಕ್ಕಿದ್ದರು. ನಾನು ನೂರ ನಲವತ್ತಮೂರನೆಯವನು. ಹೆಸರು ಹುಟ್ಟಿದ ಕಣಿವೆಯಲ್ಲಿ ಉಳಿದವನು ನಾನೊಬ್ಬನೇ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದಳು.

ಮುಂದಿನ ತಿಂಗಳು ತಾನೇ ಬಂದಳು. ಐವತ್ತು ದಾಟಿದ ಹೆಂಗಸು, ಕೆಂಪು ಮೂಗು, ದೊಡ್ಡ ನಗು. ಬಂದವಳೇ ನನ್ನ ಅಡುಗೆಮನೆಯ ನೆಲದ ಮೇಲೆ ಚಾಪೆಯಷ್ಟು ದೊಡ್ಡ ಹಾಳೆ ಬಿಡಿಸಿ ಮೊಣಕಾಲೂರಿ ಕೂತಳು.

"ನೋಡಿ, ಏಳ್ನೂರು ವರ್ಷದ ಹಿಂದೆ ಅಸ್ಕಗಿಲ್ ಅಂತ ಕರೀತಿದ್ದ ಕೊರಕಲಿನ ಹತ್ರ ಒಬ್ಬ ಮನೆ ಮಾಡ್ಕೊಂಡಿದ್ದ. ಊರವ್ರು ಆ ಜಾಗದ ಹೆಸರಿಂದ ಅವನ್ನ ಕರೆದ್ರು. ಅಲ್ಲಿಂದ ಶುರು ನಮ್ಮ ಮನೆತನ. ಇಲ್ಲಿನ ಸೀಸದ ಗಣಿ ಮುಚ್ಚಿದಾಗ ಇವ್ರು ಅಡಿಲೇಡಿಗೆ ಹೋದ್ರು, ಇವ್ರು ಕೆನಡಾಕ್ಕೆ. ನೀವು ಇಲ್ಲಿದ್ದೀರಿ."

ಅವಳು ಬೆರಳಿಟ್ಟ ಕಡೆ, ಹಾಳೆಯ ಮೂಲೆಯಲ್ಲಿ ನನ್ನ ಹೆಸರಿತ್ತು. ಉಳಿದವರನ್ನೆಲ್ಲ ಶಾಯಿಯ ಗೆರೆಗಳು ಕೂಡಿಸಿದ್ದವು. ನನ್ನಿಂದ ಹೊರಟಿದ್ದು ಪೆನ್ಸಿಲಿನ ಚುಕ್ಕಿಗಳು ಮಾತ್ರ.

"ನಿಮ್ಮ ತಾತ ಯಾರು ಅಂತ ಗೊತ್ತಾದ್ರೆ ಸಾಕು, ಗೆರೆ ಎಳೆದುಬಿಡ್ತೀನಿ."

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಆಕೆ ಹಾಳೆ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದಳು. ನಾನು ನಮ್ಮ ಕಡೆಯ ಪದ್ಧತಿಯಂತೆ ಹಣ್ಣಿನ ಕೇಕಿನ ಮೇಲೆ ಚೀಸಿನ ಹೋಳಿಟ್ಟು ಅವಳ ಮುಂದೆ ಸರಿಸಿದೆ. "ಅಪ್ಪ ಹಳೇ ಕಾಲದ ವಿಷಯ ಜಾಸ್ತಿ ಮಾತಾಡ್ತಿರಲಿಲ್ಲ" ಎಂದೆ. ಅಪ್ಪ ಮಾತಾಡದ ವಿಷಯವೇ ಇರಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ವಸಂತ ಬಂದರೆ ರೊವೆನಾ ಬರುತ್ತಿದ್ದಳು. ಕ್ರಿಸ್ಮಸ್ಸಿಗೆ ಹದಿನೇಳು ಕಾರ್ಡು ಬಂದವು, ಎಲ್ಲದರ ಕೆಳಗೂ ನನ್ನದೇ ಹೆಸರು, ಅಸ್ಕಗಿಲ್. ಅಡಿಲೇಡಿನ ಮರ್ವಿನ್ ಎಂಬಾತ ತನ್ನ ಮೊಮ್ಮಗುವಿನ ಚಿತ್ರ ಕಳಿಸಿ, "ಮೂಗು ನಿಮ್ಮದೇ ಅಲ್ವಾ?" ಎಂದು ಬರೆದಿದ್ದ. ಕನ್ನಡಿಯ ಮುಂದೆ ಹೋಗಿ ನೋಡಿಕೊಂಡೆ. ಒಂದು ಕ್ಷಣ ಹೌದೆನ್ನಿಸಿತು.

ನಿಜ ಗೊತ್ತಿದ್ದವರಲ್ಲಿ ಉಳಿದವಳು ಪಕ್ಕದ ಮನೆಯ ಹಿಲ್ಡಾ ಮೆಟ್ಕಾಫ್ ಒಬ್ಬಳೇ. ನನಗಿಂತ ಒಂದು ವರ್ಷ ದೊಡ್ಡವಳು.

"ಏನಪ್ಪಾ ದೊರೆ, ನಿನ್ನ ವಂಶದವ್ರು ಇನ್ನೂ ಕಿರೀಟ ಕಳಿಸ್ಲಿಲ್ವಾ?" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು.

"ಅಳತೆ ತಗೊಂಡ್ ಹೋಗಿದಾರೆ."

"ಕುದುರೆ ಸಗಣಿ ಬಾಚ್ತಿದ್ದ ಟಾಮ್ ಆಲ್ಡರ್ಸನ್ ಮಗ ಕಣೋ ನೀನು! ಹೇಳಿಬಿಡೋ ಪೆದ್ದ. ತಡ ಮಾಡಿದಷ್ಟೂ ಕೆಟ್ಟದಾಗುತ್ತೆ."

"ಹೇಳ್ತೀನಿ ಬಿಡೇ."

"ಯಾವಾಗ? ಸತ್ತ ಮೇಲೆ ಕಲ್ಲಲ್ಲಿ ಕೆತ್ತಿಸ್ತೀಯಾ?"

ನಾಲ್ಕನೆಯ ವರ್ಷ ಜೂನ್ ತಿಂಗಳಲ್ಲಿ ಅವರೆಲ್ಲ ಸೇರಿ ಬಂದರು. ಇಪ್ಪತ್ತಾರು ಜನ, ಒಂದು ಬಸ್ಸು. ಅಸ್ಕಗಿಲ್ ಜಮೀನನ್ನು ನೋಡಬೇಕೆಂಬುದು ಅವರ ಆಸೆ. ಈಗ ಅಲ್ಲಿ ಯಾರೂ ಇಲ್ಲ. ಮನೆಯ ಸೂರು ಬಿದ್ದಿದೆ, ಒಲೆಯ ಕಲ್ಲಿನ ಸುತ್ತ ತುರುಚೆ ಗಿಡ ಬೆಳೆದಿದೆ. ಕೊರಕಲಿನ ಪಕ್ಕದ ದಾರಿಯಲ್ಲಿ ನಾನು ಮುಂದೆ, ಅವರು ಹಿಂದೆ. ನನ್ನ ಎಂಬತ್ತೊಂದು ವರ್ಷದ ಮೊಣಕಾಲುಗಳು ಆ ದಿನ ಒಮ್ಮೆಯೂ ದೂರಲಿಲ್ಲ. "ವಿಲ್ಫ್ ತಾತ, ನಿಧಾನ!" ಎಂದು ಹಿಂದಿನಿಂದ ಯಾರೋ ಕೂಗಿದರು. ತಾತ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ.

ಮೇಲೆ ತಲುಪಿದಾಗ ಮರ್ವಿನ್ ಒಲೆಯ ಕಲ್ಲಿನ ಮೇಲೆ ಅಂಗೈಯಿಟ್ಟು ಅಳತೊಡಗಿದ. ಆನೆಯಂಥ ಮನುಷ್ಯ. ರೊವೆನಾ ಚೀಲದಿಂದ ಸಣ್ಣದೊಂದು ಕೊಳವೆ ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ಉಗುಳಬೇಕಂತೆ. ಪರೀಕ್ಷೆಗೆ ಕಳಿಸಿದರೆ ರಕ್ತಸಂಬಂಧ ತಿಳಿಯುತ್ತದಂತೆ.

"ಆಮೇಲೆ ನಿಮ್ಮ ಚುಕ್ಕಿಗಳು ಗೆರೆ ಆಗ್ತವೆ" ಎಂದು ನಕ್ಕಳು.

ಬಾಯಿ ಒಣಗಿತ್ತು. ಕೊಳವೆ ಹಿಡಿದು ನಿಂತೇ ಇದ್ದೆ. ಮುದುಕನಿಗೆ ಇದೆಲ್ಲ ಬೇಡಮ್ಮ ಎಂದಿದ್ದರೆ ಅವಳು ಬಲವಂತ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಮರ್ವಿನ್ ಕಣ್ಣೊರೆಸಿಕೊಂಡು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ.

"ಹೇಳಿ ತಾತ, ನಿಮ್ಮಪ್ಪ ಯಾವ ಕೋಣೇಲಿ ಮಲಗ್ತಿದ್ರು? ಅಲ್ಲಿಂದ ಒಂದು ಕಲ್ಲು ತಗೊಂಡು ಹೋಗ್ತೀನಿ."

ಅಂಗಳದಾಚೆಯ ಲಾಯವನ್ನು ತೋರಿಸಿದೆ. ಅದರ ಒಂದು ಗೋಡೆ ಇನ್ನೂ ನಿಂತಿದೆ.

"ಅಲ್ಲಿ, ಕುದುರೆಗಳ ಮೇಲಿನ ಅಟ್ಟದಲ್ಲಿ."

"ಅಟ್ಟದಲ್ಲಾ? ಮನೇಲಿ ಜಾಗ ಇರ್ಲಿಲ್ವಾ?"

"ಆಳುಗಳು ಮಲಗ್ತಿದ್ದದ್ದೇ ಅಲ್ಲಿ. ನಮ್ಮಪ್ಪ ಈ ಮನೆಯವ್ನಲ್ಲ ಮಗಾ. ಇಲ್ಲಿನ ಆಳು. ಹೆಸರು ಆಲ್ಡರ್ಸನ್." ಆಮೇಲೆ ಸಾಲಿನಲ್ಲಿ ನಿಂತಿದ್ದ ನಾಲ್ವರು ಟಾಮ್‌ಗಳ ಕಥೆಯನ್ನು ಹೇಳಿದೆ. ಅಪ್ಪ ಹೇಳುವಾಗ ನಗು ಬರುತ್ತಿತ್ತು. ನಾನು ಹೇಳುವಾಗ ಯಾರೂ ನಗಲಿಲ್ಲ. ಮರ್ವಿನ್ ಕೈ ನನ್ನ ಹೆಗಲಿನಿಂದ ಮೆಲ್ಲಗೆ ಜಾರಿತು. ಅವನು ಒಳ್ಳೆಯವನೇ. ಬೇಕೆಂದು ತೆಗೆದದ್ದಲ್ಲ.

ರೊವೆನಾ ಗೋಡೆಯ ಮೇಲೆ ಕೂತಳು. "ನಿಮಗೆ ಮೊದಲಿಂದಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ವರ್ಷ, ವಿಲ್ಫ್! ಎಷ್ಟು ಚರ್ಚುಗಳ ಪುಸ್ತಕ ತಿರುವಿ ಹಾಕಿದೆ ನಾನು ನಿಮಗೋಸ್ಕರ!"

"ಅಲ್ಲ ರೊವೆನಾ," ಎಂದು ಮರ್ವಿನ್ ನಡುವೆ ಬಂದ. "ನಮ್ಮ ಮೊದಲನೆಯವನಿಗೂ ಹೆಸರು ಬಂದಿದ್ದು ಹೀಗೇ ತಾನೆ? ಜಾಗದ ಹೆಸರು, ಜನ ಕರೆದದ್ದು?"

"ಹೌದು. ಆದ್ರೆ ನಾನು ಹುಡುಕ್ತಿರೋದು ಅವನ ಮಕ್ಕಳನ್ನ." ಗಟ್ಟಿ ದನಿಯಲ್ಲಿ ಹೇಳಲಿಲ್ಲ. ಕೊಳವೆಯನ್ನು ನನ್ನ ಕೈಯಿಂದ ತಗೊಂಡು, ಮುಚ್ಚಳ ಸರಿಮಾಡಿ ಚೀಲಕ್ಕೆ ಹಾಕಿಕೊಂಡಳು. "ಹೇಳಬೇಕಿತ್ತು ನೀವು" ಎಂದಳು.

"ಹೇಳಿದ್ರೆ ನೀನು ಬರ್ತಿರಲಿಲ್ಲ."

ಬರುತ್ತಿದ್ದೆ ಎನ್ನಲು ಅವಳಿಗೆ ಸುಳ್ಳು ಬರುವುದಿಲ್ಲ.

ಎಲ್ಲರೂ ಚಹಾ ಕುಡಿದರು. ನನಗೂ ಕೊಟ್ಟರು, ಸಕ್ಕರೆ ಎಷ್ಟೆಂದು ಕೇಳಿ ಕೊಟ್ಟರು. ಮುರಿದ ಬಾಗಿಲ ಮುಂದೆ ಚಿತ್ರ ತೆಗೆಸಿಕೊಳ್ಳಬೇಕಾಗಿತ್ತು, ತೆಗೆಯುವವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೈ ಚಾಚಿದೆ. ಎಲ್ಲಿ ಒತ್ತಬೇಕೆಂದು ರೊವೆನಾ ತೋರಿಸಿಕೊಟ್ಟಳು. ಇಪ್ಪತ್ತಾರು ಜನರನ್ನೂ ಒಳಗೆ ಹಿಡಿಸಲು ನಾನು ಹಿಂದೆ ಹಿಂದೆ ಹೋಗಬೇಕಾಯಿತು.

ಆ ಕ್ರಿಸ್ಮಸ್ಸಿಗೆ ಎರಡು ಕಾರ್ಡು ಬಂದವು. ಒಂದು ಮರ್ವಿನ್‌ದು, ಇನ್ನೊಂದು ಹಿಲ್ಡಾಳದು. ಹಿಲ್ಡಾ ಗೋಡೆಯಾಚೆಯಿಂದಲೇ ಕೊಟ್ಟಳು, ಈ ಸಲ ದೊರೆ ಎಂದು ಕರೆಯಲಿಲ್ಲ. ಕರೆದಿದ್ದರೆ ಚೆನ್ನಾಗಿತ್ತು. ಆಲ್ಡರ್ಸನ್‌ಗಳು ಈ ಕಣಿವೆಯಲ್ಲಿ ನೂರಾರು ಮಂದಿ ಇದ್ದಾರೆ. ಅವರಲ್ಲಿ ನನ್ನ ಅಪ್ಪನ ಕಡೆಯವರು ಯಾರೆಂದು ನನಗೆ ತಿಳಿಯದು, ಅವರಿಗೂ ತಿಳಿಯದು.

ಮರುವರ್ಷ ಜೂನ್‌ನಲ್ಲಿ ಬಸ್ಸು ಮತ್ತೆ ಬಂತು. ನನಗೆ ಹೇಳಿ ಕಳಿಸಿರಲಿಲ್ಲ. ಕಿಟಕಿಯಿಂದ ಎಣಿಸಿದೆ, ಹದಿನೆಂಟು ಮಂದಿ. ಸೇತುವೆ ದಾಟಿದ ಮೇಲೆ ಅವರು ಎಡಕ್ಕೆ ತಿರುಗಿದರು. ಎಡಕ್ಕೆ ಹೋದರೆ ಜೌಗು; ಅಲ್ಲಿ ಕುರಿಗಳೇ ಹೂತುಹೋಗಿವೆ. ಬೂಟಿನ ದಾರ ಕಟ್ಟದೆಯೇ ಹೊರಗೆ ಓಡಿ, ಗೋಡೆ ಹಿಡಿದು ನಿಂತು ಕೂಗಿದೆ.

"ಆ ಕಡೆ ಅಲ್ಲ! ಬಲಕ್ಕೆ! ಕೊರಕಲಿನ ಪಕ್ಕ!"

ಅವರು ನಿಂತರು. ಮುಂದಿದ್ದ ಹೊಸಬನೊಬ್ಬ ಟೋಪಿ ತೆಗೆದು ಬೀಸಿ, "ಥ್ಯಾಂಕ್ಸ್ ಯಜಮಾನ್ರೇ!" ಎಂದು ಕೂಗಿದ. ಹಿಂದೆ ಬರುತ್ತಿದ್ದ ರೊವೆನಾ ತಿರುಗಿ ನೋಡಿ ಒಮ್ಮೆ ಕೈಯೆತ್ತಿದಳು. ಆಮೇಲೆ ಎಲ್ಲರೂ ಬಲಕ್ಕೆ ತಿರುಗಿ, ಸಾಲಾಗಿ ಹತ್ತತೊಡಗಿದರು. ಕೊನೆಯವನು ದಿಣ್ಣೆಯಾಚೆ ಇಳಿಯುವ ತನಕ ನಾನು ಅಲ್ಲೇ ನಿಂತಿದ್ದೆ.